ಜನವರಿಯ ಚೀಟಿ

“ಇನ್ನೂರ ಹದಿನಾಲ್ಕು ಎಲ್ಲಿ, ಅರವತ್ತೊಂದು ಎಲ್ಲಿ! ಯಾರ ಮಾತು ಕೇಳಿ ಬರದ್ರಿ ಇದನ್ನ?”

ಸತ್ಯಭಾಮಾ ಕಾಗದವನ್ನು ಮೇಜಿನ ಮೇಲೆ ಬಡಿದರು. ಗ್ರಂಥಪಾಲಕ ರಾಮದಾಸ ಕನ್ನಡಕ ತೆಗೆದು ಒರೆಸುತ್ತ ಕೂತರು.

ಉಪ್ಪಲ್ ಕಡೆಯ ಆ ಸಂಶೋಧನಾ ಸಂಸ್ಥೆಯಲ್ಲಿ ಅಂದು ಮಧ್ಯಾಹ್ನ ಸಾಂಕ್ರಾಮಿಕ ರೋಗ ವಿಭಾಗದ ಮುಖ್ಯಸ್ಥರ ಆಯ್ಕೆ. ಕಣದಲ್ಲಿದ್ದವರು ಇಬ್ಬರೇ. ಇಪ್ಪತ್ತೆರಡು ವರ್ಷ ಟೈಫಾಯ್ಡ್ ರೋಗಾಣುವಿನ ಬೆನ್ನು ಹತ್ತಿದ ಡಾ. ಸತ್ಯಭಾಮಾ ಮತ್ತು ಮೊನ್ನೆ ಮೊನ್ನೆ ಅಮೆರಿಕದಿಂದ ಬಂದಿಳಿದ ಕೌಶಲ್. ಯಾರ ಪ್ರಬಂಧಗಳನ್ನು ಜಗತ್ತಿನ ಇತರ ವಿಜ್ಞಾನಿಗಳು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಆ ಲೆಕ್ಕಕ್ಕೆ ಸಹಿ ಹಾಕಿ ಸಮಿತಿಗೆ ಕೊಡಬೇಕಾದವರು ಗ್ರಂಥಪಾಲಕರು. ಸತ್ಯಭಾಮಾ ಅರ್ಜಿಯಲ್ಲಿ ಬರೆದದ್ದು ಇನ್ನೂರ ಹದಿನಾಲ್ಕು. ರಾಮದಾಸ ಕೊಟ್ಟದ್ದು ಅರವತ್ತೊಂದು.

ಬೇರೆ ಯಾರಾದರೂ ಕತ್ತು ಕೊಯ್ದಿದ್ದರೆ ಸಹಿಸಬಹುದಿತ್ತು. ಈ ಮನುಷ್ಯ! ತೆಲುಗು, ಹಿಂದಿ, ಇಂಗ್ಲಿಷುಗಳ ನಡುವೆ ಇಡೀ ಕಟ್ಟಡದಲ್ಲಿ ಸತ್ಯಭಾಮಾರೊಡನೆ ಕನ್ನಡ ಆಡುವ ಒಂದೇ ಜೀವ. ಬೀದರಿನವರು. 1984ರ ಜನವರಿಯಲ್ಲಿ, ಮೂರು ಪ್ರಬಂಧ ಅಚ್ಚಾಗಿಯೂ ಒಂದು ನಾಯಿಯೂ ಮೂಸಿ ನೋಡದೆ ಹೋದಾಗ, ಸತ್ಯಭಾಮಾ ರಾಜೀನಾಮೆ ಬರೆದಿಟ್ಟುಕೊಂಡು ಇದೇ ಗ್ರಂಥಾಲಯದಲ್ಲಿ ಕೂತು ಅತ್ತಿದ್ದರು. ಮರುದಿನ ಬೆಳಗ್ಗೆ ರಾಮದಾಸ ಒಂದು ಚೀಟಿ ತಂದಿಟ್ಟರು: ‘ಉಲ್ಲೇಖ, ನಾಲ್ಕು.’ ರಾಜೀನಾಮೆ ಕಸದ ಬುಟ್ಟಿ ಸೇರಿತು.

ಅಂದಿನಿಂದ ಒಂದು ಜನವರಿಯೂ ಚೀಟಿ ತಪ್ಪಿಲ್ಲ. ಉಲ್ಲೇಖ ಸೂಚಿಯ ದಪ್ಪ ಸಂಪುಟಗಳಲ್ಲಿ ಇರುವೆಯಂಥ ಅಕ್ಷರ. ಭೂತಗನ್ನಡಿ ಹಿಡಿದು ಹುಡುಕುವುದು ರಾಮದಾಸರ ಕೆಲಸ. ವಿಜ್ಞಾನಿಗಳು ಯಾರೂ ಅತ್ತ ತಲೆ ಹಾಕುತ್ತಿರಲಿಲ್ಲ. ಸಂಖ್ಯೆ ವರ್ಷವರ್ಷವೂ ಏರಿತು. ಒಮ್ಮೆಯೂ ನಿಂತದ್ದಿಲ್ಲ. ಈ ವರ್ಷದ ಚೀಟಿಯಲ್ಲಿದ್ದದ್ದು ಇನ್ನೂರ ಹದಿನಾಲ್ಕು.

ಈಗ ಯಾಕೆ ಇಳಿಯಿತು? ಯೋಚಿಸಿದಾಗ ಕಾರಣ ಹೊಳೆಯಿತು. ಊರಿಗೆ ಊರೇ ಸಾಫ್ಟ್‌ವೇರ್ ಜಪ ಮಾಡುತ್ತಿದ್ದ ಕಾಲ. ರಾಮದಾಸರ ಮಗಳು ಗಾನವಿಗೆ ಹೋದ ತಿಂಗಳಷ್ಟೇ ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕಿತ್ತು. ಕೆಲಸ ಕೊಟ್ಟದ್ದು ಕೌಶಲ್‌ನ ಭಾವನ ಕಂಪನಿ.

“ಮಗಳ ನೌಕರಿ ಸಲುವಾಗಿ ನನ್ನ ಮಾರಿದ್ರಿ, ಹೌದಲ್ರಿ?”

ರಾಮದಾಸರ ಮುಖ ಬಿಳಿಚಿತು. “ಹಂಗ ಅನಬ್ಯಾಡ್ರಿ ಬಾಯಾರ. ನನ್ನ ಕೈಲಾದಷ್ಟು ಬರದೀನ್ರಿ.”

“ಕೈಲಾದಷ್ಟು! ಹೊಸಾ ಕಂಪ್ಯೂಟರ್ ಬಂದೈತಲ್ಲ, ಆ ಸೂಚಿ ಪೂರಾ ಅದರಾಗೈತಿ. ಎಲ್ಲಾರ ಮುಂದ ಲೆಕ್ಕ ತಗಸ್ತೀನಿ.”

“ಬ್ಯಾಡ್ರಿ!” ರಾಮದಾಸ ಎದ್ದು ಕೈ ಮುಗಿದೇ ಬಿಟ್ಟರು. “ಅರವತ್ತೊಂದಕ್ಕ ಸುಮ್ಮನಾಗ್ರಿ. ಕೌಶಲ್ ಸಾಹೇಬರದು ಬರೇ ಐವತ್ತೆಂಟೈತಿ.”

“ನಾ ಬರದದ್ದು ಇನ್ನೂರು ಚಿಲ್ಲರ. ಸಮಿತಿ ಮುಂದ ಸುಳ್ಳಬುರಕಿ ಅನಸ್ಕೋಬೇಕೇನು?”

ಅಣ್ಣನಂತೆ ನಂಬಿದ್ದಕ್ಕೆ ಒಳ್ಳೆಯ ಬಹುಮಾನ!

ಮಧ್ಯಾಹ್ನ ಸಮಿತಿಯ ಮುಂದೆ ಸತ್ಯಭಾಮಾ ಲಿಖಿತ ದೂರನ್ನೇ ಇಟ್ಟರು. ಲೆಕ್ಕವನ್ನು ಇಲ್ಲೇ, ಈಗಲೇ ಪರಿಶೀಲಿಸಬೇಕು. ಸುಳ್ಳು ಲೆಕ್ಕಕ್ಕೆ ಸಹಿ ಹಾಕಿದವರನ್ನು ಪಿಂಚಣಿಯಿಲ್ಲದೆ ವಜಾ ಮಾಡಬೇಕು. ರಾಮದಾಸರ ನಿವೃತ್ತಿಗೆ ಇನ್ನು ಒಂದೇ ತಿಂಗಳು ಎಂಬುದು ನೆನಪಾಯಿತು. ಆದರೂ ದೂರು ಹಿಂತೆಗೆದುಕೊಳ್ಳಲಿಲ್ಲ. ಮಾಡಿದ್ದುಣ್ಣಲಿ.

ನಿರ್ದೇಶಕರು ತಲೆಯಾಡಿಸಿದರು. ಎಲ್ಲರೂ ಗ್ರಂಥಾಲಯಕ್ಕೆ ನಡೆದರು. ಕಂಪ್ಯೂಟರಿನ ಮುಂದೆ ನಿರ್ದೇಶಕರೇ ಕೂತು ‘ಸತ್ಯಭಾಮಾ’ ಎಂದು ಒಂದೊಂದೇ ಅಕ್ಷರ ಒತ್ತಿದರು. ಇಂಟರ್ನೆಟ್ ತೆವಳುತ್ತಿತ್ತು. ಎಲ್ಲರ ಕಣ್ಣೂ ಪರದೆಯ ಮೇಲೆ. ರಾಮದಾಸ ಮಾತ್ರ ಸತ್ಯಭಾಮಾರನ್ನೇ ನೋಡುತ್ತ ನಿಂತಿದ್ದರು, ಕಣ್ಣಲ್ಲಿ ನೀರು. ಈಗ ಅತ್ತರೇನು ಬಂತು ಎಂದುಕೊಂಡು ಸತ್ಯಭಾಮಾ ಮುಖ ತಿರುಗಿಸಿದರು.

ಪರದೆಯ ಮೇಲೆ ಮೂಡಿದ್ದು ಹದಿನೇಳು. ಅದರಲ್ಲಿ ಮೊಟ್ಟಮೊದಲ ಉಲ್ಲೇಖ 1991ರದು.