ದೊಡ್ಡಮನೆ ನಾಯಿಯ ಬೋಟಿ

"ಈ ವಾರನೂ ಇಲ್ಲ ಕಣಕ್ಕ," ಎಂದ ಮಾಂಸದಂಗಡಿಯ ಗನಿಸಾಬ, ಕೆಂಪಕ್ಕನ ಮುಖ ನೋಡದೆ ಮಚ್ಚು ಒರೆಸುತ್ತ. "ಬೋಟಿಯೆಲ್ಲ ನಿಮ್ಮ ಬೀಗರ ಮನೆಗೆ ಹೋತು."

"ಮತ್ತೆ ಆ ನಾಯಿಗಾ?"

"ನಾಯಿಗೇ ಅಂತ ಆಳು ಬೈಲಪ್ಪ ಒಯ್ತಾನೆ. ಮೂರು ಸಲ ತೊಳೆಸ್ತಾನೆ, ಬೆರಳ ಗೆಣ್ಣಿನಷ್ಟು ಸಣ್ಣಗೆ ಕೊಯ್ಯಿಸ್ತಾನೆ. ದೊಡ್ಡಮನೆ ನಾಯಿ ನೋಡು, ಹಲ್ಲು ನೋಯಬಾರ್ದು."

ಸಾಲಿನಲ್ಲಿದ್ದವರು ನಕ್ಕರು. ಕೆಂಪಕ್ಕ ಬೋಟಿಗೆಂದು ತಂದಿದ್ದ ಗಡಿಗೆಯನ್ನು ಕಂಕುಳಿಗೆ ಏರಿಸಿಕೊಂಡಳು.

ಹತ್ತು ವರ್ಷದ ಹಿಂದೆ ಬಿಳಿಚೋಡಿನಲ್ಲಿ ಬೋಟಿಯನ್ನು ಕೇಳುವವರೇ ಇರಲಿಲ್ಲ. ತಲೆ, ಕಾಲು ಕೊಂಡವರಿಗೆ ಕುರಿಯ ಕರುಳನ್ನು ಮುತ್ತುಗದೆಲೆಯಲ್ಲಿ ಸುತ್ತಿ ಗನಿಸಾಬ ಸುಮ್ಮನೆ ಕೊಡುತ್ತಿದ್ದ. ಅದನ್ನು ತಿಂದೇ ಕೆಂಪಕ್ಕನ ಮಗಳು ಓಬಕ್ಕ ಬೆಳೆದಳು. ಎಂಬತ್ತೆರಡನೇ ಇಸವಿಯಲ್ಲಿ ಬಸ್ಸು ನಿಲ್ಲುವ ಕಡೆ ಹೋಟೆಲಿನವನೊಬ್ಬ ಬೋಟಿ ಹುರಿದು ಮಾರತೊಡಗಿದ. ಅಲ್ಲಿಂದ ತೊಡೆಮಾಂಸ ತಿನ್ನುವವರೂ ಅದಕ್ಕೆ ಸಾಲು ನಿಂತರು.

ಓಬಕ್ಕನಿಗೆ ಈಗ ಏಳು ತಿಂಗಳು. ಬಸುರಿ ಬಯಸಿದ್ದನ್ನು ತವರಿನವರು ಮಾಡಿ ಒಯ್ಯಬೇಕು. ಐದು ತುಂಬಿದಾಗ ಕೆಂಪಕ್ಕ ಒಂದು ಗಡಿಗೆ ಬೋಟಿ ಸಾರು ಒಯ್ದಿದ್ದಳು. ಬೀಗಿತಿ ಹೊನ್ನೂರಮ್ಮ ಹೊಸ್ತಿಲಲ್ಲೇ ಅಡ್ಡ ನಿಂತು ಮುಚ್ಚಳ ತೆಗೆದು ಮೂಸಿದ್ದಳು.

"ಇದನ್ನ ನಮ್ಮನೇಲಿ ನಾಯಿ ತಿಂತೈತೆ ಕಣಮ್ಮ. ನಾವು ತೊಡೆ ತಿನ್ನೋರು. ಕೊಡು, ಅದಕ್ಕೇ ಹಾಕ್ತೀನಿ."

ಗಡಿಗೆ ಒಳಗೆ ಹೋಯಿತು. ಹನಿಯೂ ಉಳಿಯದಂತೆ ಬಳಿದ ಗಡಿಗೆ ಖಾಲಿಯಾಗಿ ಹೊರಗೆ ಬಂತು. ಹಿಂದೆ ನಿಂತಿದ್ದ ಓಬಕ್ಕ ತಲೆ ಎತ್ತಿರಲಿಲ್ಲ.

ಅಂದಿನಿಂದ ಕೆಂಪಕ್ಕ ಆ ಕಡೆ ಕಾಲಿಟ್ಟಿರಲಿಲ್ಲ. ಮೊನ್ನೆ ಬಳೆ ಮಾರುವ ರಹಮತ್‌ಬೀ ಬಂದು ಮಗಳ ಮಾತು ಮುಟ್ಟಿಸಿದ್ದಳು. "ಭಾಳ ಸೊರಗೈತಮ್ಮ ಹುಡುಗಿ. ಅವ್ವ ಒಂದು ತುತ್ತು ಬೋಟಿ ತರಲಿ ಅಂತು."

ಕೆಂಪಕ್ಕ ಅಂಗಡಿಯಿಂದ ಮನೆಗೆ ಹೋಗಲಿಲ್ಲ. ಖಾಲಿ ಗಡಿಗೆ ಹಿಡಿದು ನೇರ ಬೀಗರ ಮನೆಯಿದ್ದ ಮೇಲಿನ ಕೇರಿಗೆ ನಡೆದಳು. ಹೊಟ್ಟೆಯಲ್ಲಿರುವ ಕೂಸಿಗಿಂತ ನಾಯಿ ಹೆಚ್ಚಾದ ಮನೆಯಲ್ಲಿ ಮಗಳನ್ನು ಬಿಡುವುದಿಲ್ಲ. ಇವತ್ತು ಕರೆದುಕೊಂಡೇ ಬರುವುದು. ಬೀಗತನ ಹರಿದರೆ ಹರಿಯಲಿ.

ಮುಂಬಾಗಿಲು ಹಾಕಿತ್ತು. ಸುತ್ತಿ ಹಿತ್ತಿಲಿಗೆ ಬಂದಳು. ಲವಂಗ, ಕೊತ್ತಂಬರಿ ಹುರಿದ ಘಮ ಮೂಗಿಗೆ ಬಡಿಯಿತು. ಓಬಕ್ಕ ಒರಳು ತೊಳೆಯುತ್ತ ಕುಳಿತಿದ್ದಳು. ಕೈಗಳು ಕಡ್ಡಿಯಾಗಿದ್ದವು.

"ಎಲ್ಲೇ ಆ ನಾಯಿ? ತೋರ್ಸು," ಎಂದಳು ಕೆಂಪಕ್ಕ. "ಅದರ ಬಾಯಿಂದಾನೇ ಕಿತ್ಕಂಡು ನಿನಗೆ ತಿನ್ನಿಸ್ತೀನಿ."

ಓಬಕ್ಕ ಗಾಬರಿಯಿಂದ ಮುಚ್ಚಿದ ಅಡುಗೆಮನೆಯ ಬಾಗಿಲು ನೋಡಿದಳು. ಎದ್ದು ಬಂದು ಒದ್ದೆ ಕೈಯಿಂದ ತಾಯಿಯ ಬಾಯಿ ಮುಚ್ಚಿದಳು.

"ಮೆತ್ತಗೆ ಮಾತಾಡವ್ವ. ಅತ್ತೆ ಒಳಗೆ ಉಣ್ಣಾಕೆ ಕುಂತೈತೆ. ನಾಯಿ ಸತ್ತು ಆರು ತಿಂಗಳಾತು."