ಮಂಜಿನಲ್ಲಿ ಹದಿಮೂರು ಹಕ್ಕಿ

ನಾಲ್ಕನೆಯದನ್ನೂ ಬರೆದುಬಿಟ್ಟ! ದುರ್ಬೀನು ಇನ್ನೂ ಚೀಲದಿಂದ ಹೊರಗೇ ಬಂದಿಲ್ಲ.

ಹಕ್ಕಿ ನೋಡುವವರ ಸಂಘದ ಕಾರ್ಯದರ್ಶಿಗಳು ಹಲ್ಲು ಕಚ್ಚಿಕೊಂಡು ಟೈಲರ್‌ನ ಬೆನ್ನನ್ನೇ ನೋಡಿದರು. ಬೆಳಗಿನ ಏಳು ಗಂಟೆ. ಹತ್ತು ಹೆಜ್ಜೆ ಆಚೆಯ ಮರ ಕಾಣದಷ್ಟು ಮಂಜು. ಚಳಿಗೆ ಕಾಡು ಸದ್ದಿಲ್ಲದೆ ಮುದುರಿಕೊಂಡಿತ್ತು. ಇಂಥದರಲ್ಲಿ ಈ ಮಹಾನುಭಾವ ಮರದ ಬುಡದಲ್ಲಿ ತಲೆ ಬಗ್ಗಿಸಿ ನಿಲ್ಲುತ್ತಾನೆ, ಆಮೇಲೆ ಪುಸ್ತಕ ತೆಗೆದು ಗೀಚುತ್ತಾನೆ: ಮರಕುಟಿಗ ಎರಡು, ಗೂಬೆ ಒಂದು.

ಎರಡು ವರ್ಷದಿಂದ ಇದೇ ಕಥೆ. ಚಳಿಗಾಲದ ಎಣಿಕೆಯಲ್ಲಿ ಕಾರ್ಯದರ್ಶಿಗಳ ಪಟ್ಟಿಗಿಂತ ಟೈಲರ್‌ನ ಪಟ್ಟಿಯೇ ಉದ್ದ. ನಲವತ್ತು ವರ್ಷ ಈ ಕಾಡು ಅಲೆದವರಿಗೆ ಸಿಗದ್ದು ಗುಂಡಿ ಹೊಲಿಯುವವನಿಗೆ ಸಿಗುತ್ತದಂತೆ! ಕಿವಿಗೆ ಹೂ ಇಡಲು ಇವನಿಗೆ ಬೇರೆ ಯಾರೂ ಸಿಗಲಿಲ್ಲವೇ?

ಸಂಘದ ನಿಯಮ ಕಟ್ಟುನಿಟ್ಟು. ಪಟ್ಟಿಯ ಪ್ರತಿ ಹಕ್ಕಿಗೂ ಎರಡನೆಯವರ ಸಾಕ್ಷಿ ಬೇಕು. ಇವತ್ತು ಸಾಕ್ಷಿಗೆ ಕಾರ್ಯದರ್ಶಿಗಳೇ ಬಂದಿದ್ದರು. ಪಟ್ಟಿ ಸುಳ್ಳೆಂದು ಗೊತ್ತಾದರೆ ಟೈಲರ್ ಸಂಘದಿಂದ ಹೊರಗೆ. ವಾರವಿಡೀ ಮಷೀನು ತುಳಿದು ಈ ಭಾನುವಾರಗಳಿಗಾಗಿಯೇ ಬದುಕುವ ಮನುಷ್ಯ ಅವನು. ಇದಕ್ಕಿಂತ ದೊಡ್ಡ ಶಿಕ್ಷೆ ಅವನಿಗೆ ಬೇರೊಂದಿರಲಿಲ್ಲ.

ಕಾರ್ಯದರ್ಶಿಗಳ ಹೆಂಡತಿಯೂ ಹಟ ಹಿಡಿದು ಜೊತೆಗೆ ಬಂದಿದ್ದಳು. ಹಕ್ಕಿಗಳ ಗಂಧಗಾಳಿ ಇಲ್ಲದವಳು. ಈಚೆಗೆ ಅವಳದೊಂದು ಹೊಸ ಚಾಳಿ, ಭುಜ ತಟ್ಟದೆ ಮಾತೇ ಆಡುವುದಿಲ್ಲ. ಟೈಲರ್‌ನದು ಇನ್ನೊಂದು. ಏನು ಹೇಳಬೇಕಾದರೂ ಎದುರಿಗೇ ಬಂದು ನಿಂತು ಒಂದೊಂದೇ ಮಾತು ಬಿಡಿಸಿ ಹೇಳುತ್ತಾನೆ. ಎಲ್ಲ ನಾಟಕ, ಅಂದುಕೊಂಡರು ಕಾರ್ಯದರ್ಶಿಗಳು.

ಕೊಳದ ಹತ್ತಿರ ತಿರುಗಿ ನೋಡಿದರೆ ಇಬ್ಬರೂ ಏನೋ ಮಾತಾಡಿಕೊಳ್ಳುತ್ತಿದ್ದಾರೆ! ಇವರು ನೋಡಿದ್ದೇ ತಡ, ಬಾಯಿ ಬಂದ್. ಓಹೋ, ಇವಳೂ ಅವನ ಕಡೆಯೇ?

"ಪಟ್ಟಿ ಕೊಡ್ರೀ ಇಲ್ಲಿ."

ಹದಿಮೂರು ಹೆಸರುಗಳಿದ್ದವು. ಕಾರ್ಯದರ್ಶಿಗಳ ರಕ್ತ ಕುದಿಯಿತು.

"ಬೆಳಗ್ಗಿಂದ ನಿಮ್ಮ ಪಕ್ಕದಲ್ಲೇ ಇದ್ದೀನಿ. ಒಂದು ಹಕ್ಕೀನೂ ಇಲ್ಲ. ಇವೆಲ್ಲಾ ಎಲ್ಲಿಂದ ಬಂದ್ವು ಟೈಲರೇ? ಅಂಗಡೀಲಿ ಹೊಲ್ಕೊಂಡು ಬಂದ್ರಾ?"

ಟೈಲರ್ ಬಾಯಿ ತೆರೆದ. ಕಾರ್ಯದರ್ಶಿಗಳ ಬೆನ್ನ ಹಿಂದೆ ನಿಂತಿದ್ದ ಅವಳತ್ತ ಒಮ್ಮೆ ನೋಡಿದ. ಅವಳು ಬೇಡವೆಂದು ತಲೆಯಾಡಿಸಿದಳು.

"ನಂದೇ ತಪ್ಪು ಸಾರ್," ಎಂದ. ಅವನ ಕಣ್ಣು ತುಂಬಿತ್ತು. "ಎಲ್ಲಾ ಹೆಸರೂ ಹೊಡೆದುಹಾಕಿ."

ಸಿಕ್ಕಿಬಿದ್ದ! ಕಾರ್ಯದರ್ಶಿಗಳ ಹೊಟ್ಟೆ ತಣ್ಣಗಾಯಿತು. ಕೊಳಕ್ಕೆ ಬೆನ್ನು ಹಾಕಿ ಕಲ್ಲಿನ ಮೇಲೆ ಕೂತು, ಕೆಂಪು ಪೆನ್ನು ತೆಗೆದು, ಒಂದೊಂದೇ ಹೆಸರಿಗೆ ಗೆರೆ ಎಳೆಯತೊಡಗಿದರು.

ಅಷ್ಟರಲ್ಲಿ ಹಿಂದೆ, ಹತ್ತೇ ಮಾರು ದೂರದಲ್ಲಿ, ನೂರಾರು ಬಾತುಗಳು ಒಮ್ಮೆಲೇ ಅರಚುತ್ತ, ನೀರು ಬಡಿಯುತ್ತ ಮಂಜಿನೊಳಗಿಂದ ಮೇಲೆದ್ದವು. ಟೈಲರ್ ಬೆಚ್ಚಿಬಿದ್ದ. ಅವಳು ಚೀರಿಯೇಬಿಟ್ಟಳು. ಕಾರ್ಯದರ್ಶಿಗಳು ತಲೆ ಎತ್ತದೆ ಐದನೆಯ ಹೆಸರಿಗೆ ನೀಟಾಗಿ ಗೆರೆ ಎಳೆದರು.

"ಎರಡು ವರ್ಷ ಆಯ್ತಣ್ಣ, ಇವರ ಕಿವಿ ಪೂರ್ತಿ ಹೋಗಿ," ಗಂಡನ ಬೆನ್ನ ಹಿಂದೆ ನಿಂತೇ, ದನಿ ತಗ್ಗಿಸುವ ಗೋಜಿಗೂ ಹೋಗದೆ, ಅವಳು ಅಳುತ್ತ ಹೇಳಿದಳು, "ಹಕ್ಕಿಗಳೇ ಈ ಕಾಡಿಗೆ ಬರೋದು ನಿಲ್ಲಿಸಿಬಿಟ್ವು ಅಂತ ದಿನಾ ಕೊರಗ್ತಾರೆ."