ಏಳನೇ ಕಂಪ್ಯೂಟರ್

ಗ್ರಂಥಾಲಯದ ಒಂಬತ್ತು ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿಸಲು ಅಧಿಕಾರಿ ಬಂದ.

"ಕೊಡಲ್ಲ ಸರ್," ಎಂದಳು ಗ್ರಂಥಪಾಲಕಿ. "ಹಳೇ ಕಂಪ್ಯೂಟರಿಗೇ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಪುಕ್ಕಟೆ ಸಿಗ್ತಿದೆ. ಇನ್ನೂ ಪ್ರಯೋಗದಲ್ಲಿರೋದು. ಹಾಕಿದೀನಿ. ಒಂಬತ್ತೂ ಒಂದಕ್ಕೊಂದು ಸೇರ್ಕೊಂಡು ಚೆನ್ನಾಗಿ ಓಡ್ತಿವೆ."

"ಪ್ರಯೋಗ ಮಾಡೋಕೆ ಸರ್ಕಾರಿ ಲೈಬ್ರರೀನೇ ಬೇಕಿತ್ತಾ?"

"ಗುಜರಿ ಅಂಗಡಿಗಿಂತ ವಾಸಿ ಅಲ್ವಾ ಸರ್?"

"ವಾದ ಬೇಡಮ್ಮ. ಕೆಟ್ಟಿವೆ ಅಂತ ನಾನು ಬರೆದ್ರೆ ಮುಗೀತು."

ಅವನು ತನ್ನ ಹೊಸ ಲ್ಯಾಪ್‌ಟಾಪ್ ತೆರೆದ. ಅದು ಅಪ್‌ಡೇಟ್ ಆಗುತ್ತ ಕೂತುಬಿಟ್ಟಿತು. ವರದಿ ಹನ್ನೆರಡರೊಳಗೆ ಮೇಲಿನ ಕಚೇರಿಗೆ ತಲುಪಬೇಕಿತ್ತು. ಹತ್ತೇ ನಿಮಿಷ ಉಳಿದಿತ್ತು.

"ಇಲ್ಲೇ ಬರೀರಿ ಸರ್," ಎಂದು ಅವಳು ಆ ಒಂಬತ್ತರಲ್ಲಿ ಗೋಡೆ ಬದಿಯ ಒಂದು ಕಂಪ್ಯೂಟರಿನ ಮುಂದೆ ಕುರ್ಚಿ ಸರಿಸಿದಳು.

ಬೇರೆ ದಾರಿಯಿಲ್ಲದೆ ಅವನು ಕೂತ. ‘ಒಂಬತ್ತೂ ಸಂಪೂರ್ಣ ಕೆಟ್ಟಿವೆ, ಒಂದೂ ಚಾಲೂ ಆಗುವುದಿಲ್ಲ’ ಎಂದು ಟೈಪ್ ಮಾಡಿ, ಕಳಿಸಿ, ಗೆದ್ದವನಂತೆ ಎದ್ದ.

"ಆಯ್ತಾ ಸರ್?"

"ಆಯ್ತು. ನಾಳೆ ಲಾರಿ ಬರುತ್ತೆ."

ಮೇಲಿನ ಕಚೇರಿಯಲ್ಲಿ ವರದಿ ತೆರೆದಾಗ, ಅವನ ಸಹಿಯ ಕೆಳಗೆ ಆ ಸಿಸ್ಟಮ್ ತಾನಾಗಿ ಸೇರಿಸಿದ ಒಂದು ಸಾಲಿತ್ತು: ‘ಕಳಿಸಿದ್ದು: ಗ್ರಂಥಾಲಯದ ಏಳನೇ ಕಂಪ್ಯೂಟರ್.’